ಬೆಂಗಳೂರಿನಿಂದ ಟೋಕಿಯೋಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ತಂಗಿ ಟೋಕಿಯೋದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮ ಹೊರಟಾಗ ಮನೆಯಲ್ಲಿ ಶುರುವಾದ ಲೆಕ್ಕ ಇದು. ಟಿಕೆಟ್ ಪ್ರಿಂಟ್ ಹಿಡಿದು ಕೂತ ಅಪ್ಪ ಒಂದು ಪ್ರಶ್ನೆ ಕೇಳಿದರು: "ಹೋಗೋಕೆ ಎಂಟು ಗಂಟೆ, ಬರೋಕೆ ಹತ್ತು ಗಂಟೆ ಹತ್ತಿರ ಅಂತಿದೆ. ದಾರಿ ಒಂದೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ. ಯಾಕೆಂದರೆ ಇಲ್ಲಿ ಮೂರು ಬೇರೆ ಬೇರೆ ಲೆಕ್ಕಗಳಿವೆ. ಒಂದು, ಭೂಮಿಯ ಮೇಲೆ ಎರಡು ಊರುಗಳ ನಡುವಿನ ದೂರ. ಎರಡು, ವಿಮಾನ ಗಾಳಿಯಲ್ಲಿ ಕಳೆಯುವ ಹೊತ್ತು. ಮೂರು, ನಮ್ಮ ಮನೆ ಬಾಗಿಲು ಹಾಕಿದಾಗಿನಿಂದ ಅಲ್ಲಿನ ಮನೆ ಬಾಗಿಲು ತಟ್ಟುವವರೆಗಿನ ಹೊತ್ತು. ಪ್ರಯಾಣ ಮಾಡುವವರಿಗೆ ಬೇಕಾಗಿರುವುದು ಮೂರನೆಯದು. ಆದರೆ ಮೊದಲ ಎರಡು ಗೊತ್ತಿಲ್ಲದೆ ಮೂರನೆಯದು ಸರಿಯಾಗಿ ಬರುವುದಿಲ್ಲ.

ಬೆಂಗಳೂರು–ಟೋಕಿಯೋವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹಂತ ಹೇಳುತ್ತೇನೆ. ನಿಮ್ಮದು ಬೇರೆ ಎರಡು ಊರಾದರೂ ವಿಧಾನ ಇದೇ. ಬೇಕಾಗಿರುವುದು ಒಂದು ಫೋನ್, ಒಂದು ಹಾಳೆ, ಅರ್ಧ ಗಂಟೆ ಸಮಯ.

ಹಂತ 1: ಗ್ಲೋಬ್ ಮತ್ತು ಹೂ ಕಟ್ಟುವ ದಾರ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಇಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು, ಆದರೆ ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಉಳಿದದ್ದೆಲ್ಲ ಸಲೀಸು.

ಅಮ್ಮ ಹೂ ಕಟ್ಟುವ ದಾರದ ಉಂಡೆ ತಂದುಕೊಟ್ಟರು. ಮೊದಲು ದಾರವನ್ನು ಸಮಭಾಜಕ ವೃತ್ತದ ಮೇಲೆ ಒಂದು ಸುತ್ತು ಸುತ್ತಿ ಅಳೆದೆವು. ನಮ್ಮ ಗ್ಲೋಬ್‌ಗೆ 64 ಸೆಂಟಿಮೀಟರ್ ಬಂತು. ಆಮೇಲೆ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಟೋಕಿಯೋ ಮೇಲೆ ಇಟ್ಟು ಬಿಗಿಯಾಗಿ ಎಳೆದೆವು. 10.7 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ 10.7 ಅನ್ನು 64ರಿಂದ ಭಾಗಿಸಿ 40,000ದಿಂದ ಗುಣಿಸಬೇಕು. 6,687 ಬಂತು. ಒಂದು ತುಂಡು ದಾರಕ್ಕೆ ಇಷ್ಟು ಹತ್ತಿರದ ಉತ್ತರ ಸಿಗುತ್ತದೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಕ್ಯಾಲ್ಕುಲೇಟರ್ ಲೆಕ್ಕಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಮುಂದೆ ನೋಡಿ.

ಇನ್ನೊಂದು ವಿಷಯ ಗಮನಿಸಿ. ಬಿಗಿಯಾಗಿ ಎಳೆದ ದಾರ ಎಲ್ಲೆಲ್ಲಿ ಹಾದುಹೋಗುತ್ತದೆ? ಬಂಗಾಳ ಕೊಲ್ಲಿಯ ಉತ್ತರ ಭಾಗ, ಮ್ಯಾನ್ಮಾರ್, ಚೀನಾದ ಯುನ್ನಾನ್, ಸಿಚುವಾನ್–ಗುಯಿಝೌ ಗಡಿ, ಜಿಯಾಂಗ್ಸು, ಹಳದಿ ಸಮುದ್ರ, ಕೊರಿಯಾದ ದಕ್ಷಿಣ ಅಂಚು, ಆಮೇಲೆ ಜಪಾನ್. ಗೋಡೆಗೆ ನೇತುಹಾಕುವ ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಇನ್ನೂ ದಕ್ಷಿಣಕ್ಕೆ ಬೀಳುತ್ತದೆ, ಶಾಂಘೈಗಿಂತ ಕೆಳಗೆ. ನಕ್ಷೆಯ ನೇರ ಗೆರೆ ಭೂಮಿಯ ಮೇಲಿನ ಹತ್ತಿರದ ದಾರಿ ಅಲ್ಲ. ದಾರ ತೋರಿಸಿದ್ದೇ ಹತ್ತಿರದ ದಾರಿ. ಅದನ್ನು ಮಹಾವೃತ್ತದ ದಾರಿ ಅನ್ನುತ್ತಾರೆ. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ದಾರಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದಲ್ಲ, ಅದು ಸುತ್ತು ದಾರಿ ಅಲ್ಲ. ನೇರ ದಾರಿಯೇ. ಬಾಗಿರುವುದು ನಕ್ಷೆ.

ಹಂತ 2: ಊರಿನದಲ್ಲ, ಏರ್‌ಪೋರ್ಟಿನ ಅಕ್ಷಾಂಶ–ರೇಖಾಂಶ

ಇಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ. ವಿಮಾನ ಮೆಜೆಸ್ಟಿಕ್‌ನಿಂದ ಹಾರುವುದಿಲ್ಲ, ದೇವನಹಳ್ಳಿಯಿಂದ ಹಾರುತ್ತದೆ. ಟೋಕಿಯೋದಲ್ಲೂ ಅಷ್ಟೇ. ಅಲ್ಲಿ ಎರಡು ಏರ್‌ಪೋರ್ಟ್ ಇವೆ. ಹನೇಡಾ ಊರಿಗೆ ಅಂಟಿಕೊಂಡಿದೆ. ನರಿಟಾ ಊರಿನ ಮಧ್ಯದಿಂದ 60 ಕಿಲೋಮೀಟರ್‌ಗೂ ಜಾಸ್ತಿ ದೂರ, ಪಕ್ಕದ ಚಿಬಾ ಪ್ರಾಂತ್ಯದಲ್ಲಿದೆ. ಬೆಂಗಳೂರಿನಿಂದ ನೇರ ವಿಮಾನ ಇಳಿಯುವುದು ನರಿಟಾದಲ್ಲಿ. ಟಿಕೆಟ್ ಮೇಲೆ ಎನ್‌ಆರ್‌ಟಿ ಅಂತಿದ್ದರೆ ನರಿಟಾ, ಎಚ್‌ಎನ್‌ಡಿ ಅಂತಿದ್ದರೆ ಹನೇಡಾ.

ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಎರಡು ದಶಮಾಂಶ ಸ್ಥಾನ ಸಾಕು. ಹೀಗೆ ಬರೆದುಕೊಳ್ಳಿ:

ಕೆಂಪೇಗೌಡ ಏರ್‌ಪೋರ್ಟ್: 13.20 ಉತ್ತರ, 77.71 ಪೂರ್ವ
ನರಿಟಾ: 35.77 ಉತ್ತರ, 140.39 ಪೂರ್ವ

ಎರಡೂ ಉತ್ತರ, ಎರಡೂ ಪೂರ್ವ. ಹಾಗಾಗಿ ಲೆಕ್ಕ ಸುಲಭ. ನಿಮ್ಮ ಊರು ಸಮಭಾಜಕದ ಕೆಳಗಿದ್ದರೆ, ಜಕಾರ್ತಾ ಇದ್ದ ಹಾಗೆ, ಅದರ ಅಕ್ಷಾಂಶಕ್ಕೆ ಮೈನಸ್ ಹಾಕಿ. ಮರೆತರೆ ಉತ್ತರ ಪೂರ್ತಿ ಕೆಡುತ್ತದೆ.

ಹಂತ 3: ಫೋನ್ ಕ್ಯಾಲ್ಕುಲೇಟರ್‌ನಲ್ಲಿ ದೂರ

ಫೋನನ್ನು ಅಡ್ಡ ತಿರುಗಿಸಿದರೆ ಹೆಚ್ಚಿನ ಫೋನ್‌ಗಳಲ್ಲಿ ಸೈನ್, ಕಾಸ್ ಬಟನ್‌ಗಳು ಬರುತ್ತವೆ. ಹೈಸ್ಕೂಲಿನಲ್ಲಿ ಕಲಿತದ್ದೇ, ಹೆದರಬೇಡಿ. ಶುರು ಮಾಡುವ ಮುಂಚೆ ಒಂದು ಪರೀಕ್ಷೆ: ಸೈನ್ 30 ಒತ್ತಿ ನೋಡಿ. 0.5 ಬರಬೇಕು. ಬೇರೆ ಏನೋ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ, ಅದನ್ನು ಡಿಗ್ರಿಗೆ ಬದಲಿಸಿ. ನಾನು ಮೊದಲ ಸಲ ಲೆಕ್ಕ ಹಾಕಿದಾಗ ಉತ್ತರ ಹೊಂದದೆ ಒದ್ದಾಡಿದ್ದು ಇದೇ ಕಾರಣಕ್ಕೆ.

ಈಗ ಲೆಕ್ಕ.

ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ. ಸೈನ್ 13.20 ಅಂದರೆ 0.2284. ಸೈನ್ 35.77 ಅಂದರೆ 0.5845. ಗುಣಿಸಿದರೆ 0.1335. ಇದನ್ನು ಪಕ್ಕಕ್ಕೆ ಬರೆದಿಡಿ.

ಈಗ ಅವೇ ಅಕ್ಷಾಂಶಗಳ ಕಾಸ್ ತೆಗೆದು ಗುಣಿಸಿ. 0.9736 ಗುಣಿಸು 0.8114, ಅಂದರೆ 0.7900. ಇದನ್ನು ರೇಖಾಂಶಗಳ ವ್ಯತ್ಯಾಸದ ಕಾಸ್‌ನಿಂದ ಗುಣಿಸಬೇಕು. ವ್ಯತ್ಯಾಸ 140.39 ಕಳೆ 77.71, ಅಂದರೆ 62.68 ಡಿಗ್ರಿ. ಅದರ ಕಾಸ್ 0.4589. ಗುಣಿಸಿದರೆ 0.3625.

ಎರಡನ್ನೂ ಕೂಡಿಸಿ: 0.1335 ಕೂಡಿಸು 0.3625, ಒಟ್ಟು 0.4960. ಇದು ಯಾವ ಕೋನದ ಕಾಸ್ ಅಂತ ತಿಳಿಯಲು ಇನ್ವರ್ಸ್ ಬಟನ್ ಒತ್ತಿ ಕಾಸ್ ಒತ್ತಿ. 60.26 ಡಿಗ್ರಿ ಬರುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ 111.2 ಕಿಲೋಮೀಟರ್. ಗುಣಿಸಿದರೆ 6,701.

ಇಷ್ಟೇ. ದೂರ ಸುಮಾರು 6,700 ಕಿಲೋಮೀಟರ್. ಹೂವಿನ ದಾರ ಕೊಟ್ಟಿದ್ದು 6,687!

60 ಡಿಗ್ರಿ ಅಂದರೆ ಪೂರ್ತಿ ವೃತ್ತದ ಆರನೇ ಒಂದು ಭಾಗ. ಅಂದರೆ ಇಷ್ಟೇ ದೂರವನ್ನು ಆರು ಸಲ ಹಾರಿದರೆ ಭೂಮಿಗೆ ಒಂದು ಸುತ್ತು ಬಂದ ಹಾಗೆ. ಅಮ್ಮ ಹೋಗಿ ಬಂದದ್ದು ಭೂಮಿಯ ಮೂರನೇ ಒಂದು ಸುತ್ತು. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಗ್ಲೋಬ್ ತಿರುಗಿಸುತ್ತಾ ಕೂತಿದ್ದರು.

ಪೈಲಟ್‌ಗಳು ಕಿಲೋಮೀಟರ್ ಬಳಸುವುದಿಲ್ಲ, ನಾಟಿಕಲ್ ಮೈಲಿ ಬಳಸುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಹಾಗಾಗಿ 60.26 ಡಿಗ್ರಿಗೆ ಸುಮಾರು 3,616. ಯಾವುದಾದರೂ ಸೈಟಿನಲ್ಲಿ ದೂರ 3,600 ಚಿಲ್ಲರೆ ಅಂತ ಕಂಡರೆ ಗಾಬರಿಯಾಗಬೇಡಿ, ಅದು ನಾಟಿಕಲ್ ಮೈಲಿಯಲ್ಲಿದೆ.

ಹಂತ 4: ವಿಮಾನ ನಿಜವಾಗಿ ಹಾರುವ ದೂರ

6,700 ಅನ್ನುವುದು ದಾರದ ಲೆಕ್ಕ. ವಿಮಾನ ಅಷ್ಟು ಬಿಗಿಯಾಗಿ ಹಾರುವುದಿಲ್ಲ. ರನ್‌ವೇಯಿಂದ ಎದ್ದ ದಿಕ್ಕಿನಿಂದ ತಿರುಗಿಕೊಳ್ಳಬೇಕು. ಒಂದೊಂದು ದೇಶದ ಆಕಾಶದಲ್ಲೂ ಗೊತ್ತುಮಾಡಿದ ಮಾರ್ಗಗಳಿರುತ್ತವೆ. ಸೇನೆಗೆ ಮೀಸಲಾದ ಜಾಗ ಬಿಟ್ಟು ಹೋಗಬೇಕು. ಮೋಡ, ಗುಡುಗು ಇದ್ದರೆ ಪಕ್ಕಕ್ಕೆ ಸರಿಯಬೇಕು. ಇಳಿಯುವಾಗ ಸರದಿಯಲ್ಲಿ ಕಾಯಬೇಕು. ಕೆಲವು ದಿನ ಗಾಳಿಯ ಲಾಭಕ್ಕೆ ಬೇಕೆಂದೇ ಸುತ್ತುದಾರಿ ಹಿಡಿಯುತ್ತಾರೆ.

ಹಾಗಾಗಿ ದಾರದ ದೂರಕ್ಕೆ ಶೇಕಡಾ 5ರಷ್ಟು ಸೇರಿಸಿಕೊಳ್ಳಿ. ಇದು ಕೈಲೆಕ್ಕದ ರೂಢಿ ಅಷ್ಟೇ, ಆದರೆ ಕೆಲಸಕ್ಕೆ ಬರುತ್ತದೆ. ನಮ್ಮ ಉದಾಹರಣೆಗೆ ಸುಮಾರು 7,000 ಕಿಲೋಮೀಟರ್ ಇಟ್ಟುಕೊಳ್ಳೋಣ.

ಹಂತ 5: ಗಾಳಿ, ಅಂದರೆ ಅಪ್ಪನ ಪ್ರಶ್ನೆಗೆ ಉತ್ತರ

ಇದೇ ಈ ಲೆಕ್ಕದ ಜೀವ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೋಯಿಂಗ್ 787ರಂಥ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆದರೆ ಅದು ಗಾಳಿಯೊಳಗಿನ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ? ಹೊಳೆಯಲ್ಲಿ ತೆಪ್ಪ ನಡೆಸಿದವರಿಗೆ ಇದು ಹೇಳಬೇಕಾಗಿಲ್ಲ. ಹರಿವಿನ ಜೊತೆ ಹೋದರೆ ಬೇಗ, ಎದುರು ಹೋದರೆ ತಡ. ಹುಟ್ಟು ಹಾಕುವ ಶಕ್ತಿ ಒಂದೇ, ದಡ ಸಿಗುವ ಹೊತ್ತು ಬೇರೆ.

ಜಪಾನಿನ ಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಅಂಥ ಒಂದು ಹೊಳೆಯೇ ಹರಿಯುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ. ಅದರ ಹೆಸರು ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಇರುವ ಜೆಟ್ ಸ್ಟ್ರೀಮ್ ಪ್ರಪಂಚದಲ್ಲೇ ತುಂಬಾ ಬಲವಾದವುಗಳಲ್ಲಿ ಒಂದು. ಗಂಟೆಗೆ 300 ಕಿಲೋಮೀಟರ್ ದಾಟುವುದು ಅಪರೂಪವೇನಲ್ಲ. ಬೇಸಿಗೆಯಲ್ಲಿ ಅದು ಬಲ ಕಳೆದುಕೊಂಡು ಉತ್ತರಕ್ಕೆ ಸರಿಯುತ್ತದೆ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ವಾಸಾಬುರೊ ಓಯಿಶಿ. ಇಂದಿನ ತ್ಸುಕುಬಾ ನಗರದ ತಾತೆನೊ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಎತ್ತ ತೇಲುತ್ತವೆ ಅಂತ ನೋಡಿದರು. ಮೇಲೆ ಹೋದಷ್ಟೂ ಬಲೂನುಗಳು ಪೂರ್ವಕ್ಕೆ ಓಡಿದವು. ಹೊರಗಿನವರೂ ಓದಲಿ ಅಂತ ಅವರು 1926ರಲ್ಲಿ ಆ ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಪ್ರಕಟಿಸಿದರು. ಆ ಭಾಷೆ ಓದಬಲ್ಲವರು ಕಮ್ಮಿ ಜನ. ಜಗತ್ತು ಗಮನಿಸಲಿಲ್ಲ. ಅಷ್ಟು ಶ್ರಮದ ಕೆಲಸ ಹಾಗೆ ಮೂಲೆಗೆ ಬಿದ್ದದ್ದು ನೆನೆದರೆ ಬೇಸರವಾಗುತ್ತದೆ. ನರಿಟಾಗೆ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ದರೆ ನೆನಪಿಸಿಕೊಳ್ಳಿ, ತ್ಸುಕುಬಾ ಅಲ್ಲಿಂದ ದೂರವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಾಳಿಯೇ ಇಲ್ಲ ಅಂದುಕೊಂಡರೆ 7,000 ಭಾಗಿಸು 900, ಅಂದರೆ 7 ಗಂಟೆ 47 ನಿಮಿಷ. ಇದಕ್ಕೆ ಗೇಟ್ ಬಿಟ್ಟು ರನ್‌ವೇವರೆಗೆ ಹೋಗುವುದು, ನಿಧಾನವಾಗಿ ಮೇಲೇರುವುದು, ಇಳಿಯುವುದು, ಮತ್ತೆ ಗೇಟ್‌ಗೆ ಬರುವುದು, ಇವಕ್ಕೆಲ್ಲ 35 ನಿಮಿಷ ಸೇರಿಸಿ. ಒಟ್ಟು 8 ಗಂಟೆ 20 ನಿಮಿಷದ ಆಸುಪಾಸು.

ಹೋಗುವಾಗ ಇಡೀ ದಾರಿಯಲ್ಲಿ ಸರಾಸರಿ 100 ಕಿಲೋಮೀಟರ್ ಬೆನ್ನುಗಾಳಿ ಸಿಕ್ಕಿತು ಅನ್ನಿ. ಆಗ ವೇಗ 1,000. ಹಾರಾಟ 7 ಗಂಟೆ, ಒಟ್ಟು 7 ಗಂಟೆ 35 ನಿಮಿಷ. ಬರುವಾಗ ಅದೇ ಗಾಳಿ ಎದುರಾದರೆ ವೇಗ 800. ಹಾರಾಟ 8 ಗಂಟೆ 45 ನಿಮಿಷ, ಒಟ್ಟು 9 ಗಂಟೆ 20 ನಿಮಿಷ. ಚಳಿಗಾಲದ ಜೋರು ದಿನಗಳಲ್ಲಿ ಎದುರುಗಾಳಿಯ ಸರಾಸರಿ 150 ಆದರೆ ಒಟ್ಟು 9 ಗಂಟೆ 55 ನಿಮಿಷ. ಅಪ್ಪ ಟಿಕೆಟ್ ಮೇಲೆ ಕಂಡ ಎಂಟು ಮತ್ತು ಹತ್ತು ಇಲ್ಲಿಂದ ಬಂದದ್ದು.

ಒಂದು ಸೂಕ್ಷ್ಮ ಇದೆ. ಹೋಗುವಾಗ ಉಳಿದ ಹೊತ್ತು, ಬರುವಾಗ ಕಳೆದ ಹೊತ್ತು ಸಮ ಆಗುವುದಿಲ್ಲ. 100 ಕಿಲೋಮೀಟರ್ ಗಾಳಿಗೆ ಹೋಗುವಾಗ 47 ನಿಮಿಷ ಉಳಿಯಿತು, ಬರುವಾಗ 58 ನಿಮಿಷ ಜಾಸ್ತಿ ಹಿಡಿಯಿತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದಲ್ಲ, ಅದಕ್ಕೆ.

ಮಳೆಗಾಲಕ್ಕೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ತುಂಬಾ ಎತ್ತರದಲ್ಲಿ ಗಾಳಿ ತಿರುವುಮುರುವಾಗಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. 1950ರ ದಶಕದಲ್ಲಿ ಭಾರತದ ಹವಾಮಾನ ತಜ್ಞ ಪಿ. ಕೋಟೇಶ್ವರಂ ಇದನ್ನು ವಿವರಿಸಿದರು. ಆ ತಿಂಗಳುಗಳಲ್ಲಿ ಬೆಂಗಳೂರಿನಿಂದ ಹೊರಟ ಮೊದಲ ಭಾಗದಲ್ಲಿ ಬೆನ್ನುಗಾಳಿಯ ಆಸೆ ಬಿಡಿ. ಹೋಗುವ, ಬರುವ ಹೊತ್ತಿನ ನಡುವಿನ ಅಂತರ ಆಗ ಕಮ್ಮಿಯಾಗುತ್ತದೆ.

ಲೆಕ್ಕ ಸರಿಯಾಯಿತೇ ಅಂತ ನೋಡಬೇಕೇ? ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ. ಕಳೆದ ಕೆಲವು ದಿನ ಅದು ನಿಜವಾಗಿ ಯಾವಾಗ ಹೊರಟಿತು, ಯಾವಾಗ ಇಳಿಯಿತು ಅನ್ನುವುದು ಸಿಗುತ್ತದೆ. ಒಂದೇ ದಿನದ್ದು ನೋಡಬೇಡಿ. ಐದಾರು ದಿನದ್ದು ನೋಡಿ. ಕಂಪನಿ ಹೇಳಿದ ಸಮಯಕ್ಕಿಂತ ವಿಮಾನ ಎಷ್ಟೋ ಸಲ ಮುಂಚೆಯೇ ಇಳಿದಿರುತ್ತದೆ, ಯಾಕೆಂದರೆ ಅವರು ತಡವಾದರೂ ಸರಿಹೋಗಲಿ ಅಂತ ಸ್ವಲ್ಪ ಹೊತ್ತು ಸೇರಿಸಿಯೇ ವೇಳಾಪಟ್ಟಿ ಮಾಡಿರುತ್ತಾರೆ.

ಹಂತ 6: ಟಿಕೆಟ್ ಮೇಲಿನ ಗಡಿಯಾರ

ಟಿಕೆಟ್ ಮೇಲೆ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಇದೊಂದನ್ನು ಯಾವತ್ತೂ ಮರೆಯಬೇಡಿ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಯಾಕೆ ಮೂರೂವರೆ? ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಜಪಾನಿನದು 135 ಡಿಗ್ರಿ, ಅಕಾಶಿ ಊರಿನ ಮೇಲೆ. 15 ಡಿಗ್ರಿಗೆ ಒಂದು ಗಂಟೆ. ವ್ಯತ್ಯಾಸ 52.5 ಡಿಗ್ರಿ, ಅಂದರೆ ಮೂರೂವರೆ ಗಂಟೆ. ಎರಡೂ ದೇಶದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ಹಾಗಾಗಿ ವರ್ಷವಿಡೀ ಇದೇ ಮೂರೂವರೆ.

ಲೆಕ್ಕಕ್ಕಾಗಿ ಒಂದು ಸಮಯ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ರಾತ್ರಿ 8:30ಕ್ಕೆ ಹೊರಟು ನರಿಟಾಗೆ ಮಾರನೇ ದಿನ ಬೆಳಿಗ್ಗೆ 8ಕ್ಕೆ ತಲುಪಿದರೆ ಎಷ್ಟು ಹೊತ್ತು? ಸುಮ್ನೆ ಎಣಿಸಿದರೆ ಹನ್ನೊಂದೂವರೆ ಗಂಟೆ ಅನಿಸುತ್ತದೆ. ಆದರೆ ಅಲ್ಲಿನ 8 ಗಂಟೆ ನಮ್ಮಲ್ಲಿ ಬೆಳಗಿನ ಜಾವ 4:30. ಹಾಗಾಗಿ ಪ್ರಯಾಣ 8 ಗಂಟೆ. ವಾಪಸ್ ಬರುವಾಗ ನರಿಟಾದಿಂದ ಸಂಜೆ 6ಕ್ಕೆ ಹೊರಟು ಬೆಂಗಳೂರಿಗೆ ರಾತ್ರಿ 12:15ಕ್ಕೆ ಬಂದರೆ ಆರೂಕಾಲು ಗಂಟೆ ಅನಿಸುತ್ತದೆ. ಅಲ್ಲಿನ 6 ಗಂಟೆ ನಮ್ಮ ಮಧ್ಯಾಹ್ನ 2:30. ಹಾಗಾಗಿ 9 ಗಂಟೆ 45 ನಿಮಿಷ. ನೆನಪಿಡುವ ದಾರಿ ಒಂದೇ: ಎರಡು ಸಮಯವನ್ನೂ ಮೊದಲು ನಮ್ಮ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಇನ್ನೂ ದೊಡ್ಡ ಎಡವಟ್ಟು ಆಗುವುದು ತಾರೀಖಿನಲ್ಲಿ. ನಮ್ಮಲ್ಲಿ ಆಗಿದ್ದನ್ನೇ ಹೇಳುತ್ತೇನೆ. ಅಮ್ಮ 14ರ ಸಂಜೆ ಅಲ್ಲಿಂದ ಹೊರಟರು. ಟಿಕೆಟ್ ಮೇಲೆ ಬೆಂಗಳೂರು ತಲುಪುವುದು 15, ರಾತ್ರಿ 12:15 ಅಂತಿತ್ತು. ನಾನು ಕಾರನ್ನು 15ರ ರಾತ್ರಿಗೆ ಹೇಳಿಬಿಟ್ಟೆ. 15ನೇ ತಾರೀಖಿನ 12:15 ಅಂದರೆ 14ರ ರಾತ್ರಿ ಮಲಗಿದ ಮೇಲೆ ಬರುವ ಹೊತ್ತು ಅಂತ ಹೊಳೆಯಲೇ ಇಲ್ಲ. ಅಮ್ಮ ಫೋನ್ ಮಾಡಿದಾಗ ನಾನು ನಿದ್ದೆಯಲ್ಲಿದ್ದೆ. ಎರಡು ಸೂಟ್‌ಕೇಸ್ ಪಕ್ಕ ಬೆಳಗಿನ ಜಾವ ಮೂರೂವರೆವರೆಗೆ ಕೂತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ರಾತ್ರಿ 12ರಿಂದ ಬೆಳಗಿನ ಜಾವ 4ರ ನಡುವೆ ಇಳಿಯುವ ವಿಮಾನಕ್ಕೆ ಕಾರು ಹೇಳುವಾಗ "14ರ ರಾತ್ರಿ ಊಟ ಮಾಡಿ ಹೊರಡಿ, 15ಕ್ಕೆ ಬೆಳಗಾಗುವ ಮುಂಚೆ ಏರ್‌ಪೋರ್ಟ್‌ನಲ್ಲಿರಿ" ಅಂತ ಎರಡೂ ತಾರೀಖು ಹೇಳಿ, ಡ್ರೈವರ್ ಬಾಯಲ್ಲೂ ಹೇಳಿಸಿ.

ಹಂತ 7: ನಡುವೆ ಇಳಿದು ಹೋಗುವುದಾದರೆ

ನೇರ ವಿಮಾನ ನಿಮ್ಮ ದಿನಕ್ಕೆ ಇಲ್ಲದಿರಬಹುದು, ಅಥವಾ ರೇಟು ಜಾಸ್ತಿ ಇರಬಹುದು. ಆಗ ಯಾವ ಊರಿನ ಮೂಲಕ ಹೋಗುವುದು? ಮೂರನೇ ಹಂತದ ಲೆಕ್ಕವನ್ನೇ ಎರಡು ತುಂಡಿಗೆ ಹಾಕಿ ಕೂಡಿಸಿ. ನಾನು ಮಾಡಿದ್ದು ಹೀಗೆ.

ಬ್ಯಾಂಕಾಕ್ ಮೂಲಕ: ಸುಮಾರು 2,490 ಕೂಡಿಸು 4,650, ಒಟ್ಟು 7,140 ಕಿಲೋಮೀಟರ್. ನೇರ ದಾರಿಗಿಂತ 440 ಮಾತ್ರ ಜಾಸ್ತಿ. ದೆಹಲಿ ಮೂಲಕ: 1,710 ಕೂಡಿಸು 5,910, ಒಟ್ಟು 7,620. ಸಿಂಗಾಪುರದ ಮೂಲಕ: 3,180 ಕೂಡಿಸು 5,360, ಒಟ್ಟು 8,540. ಅಂದರೆ 1,800 ಕಿಲೋಮೀಟರ್‌ಗೂ ಮಿಗಿಲಾದ ಸುತ್ತು.

ದೂರದಲ್ಲಿ ಬ್ಯಾಂಕಾಕ್ ಗೆದ್ದಿತು. ಆದರೆ ದೂರ ನೋಡಿ ಟಿಕೆಟ್ ತೆಗೆಯಬೇಡಿ. 1,800 ಕಿಲೋಮೀಟರ್ ಅಂದರೆ ವಿಮಾನದಲ್ಲಿ ಎರಡು ಗಂಟೆ. ನಡುವೆ ಕಾಯುವ ಹೊತ್ತು ಎರಡು ಗಂಟೆಯೂ ಇರಬಹುದು, ಹನ್ನೊಂದು ಗಂಟೆಯೂ ಇರಬಹುದು. ನಿರ್ಧಾರ ಮಾಡಬೇಕಾದದ್ದು ಅದರ ಮೇಲೆ. ವಯಸ್ಸಾದವರು ಒಬ್ಬರೇ ಹೋಗುವುದಾದರೆ ಎರಡೂವರೆಯಿಂದ ನಾಲ್ಕು ಗಂಟೆ ಕಾಯುವ ಟಿಕೆಟ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದೂಕಾಲು ಗಂಟೆಯ ಟಿಕೆಟ್ ತೆಗೆದು ದೊಡ್ಡ ಏರ್‌ಪೋರ್ಟಿನಲ್ಲಿ ಓಡುವುದು ಬೇಡ. ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಕಂಪನಿಯ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ತೆಗೆದರೆ ಆ ಜವಾಬ್ದಾರಿ ನಿಮ್ಮ ತಲೆ ಮೇಲೆ. ಲಗೇಜ್ ತೆಗೆದುಕೊಳ್ಳಲು ಆ ದೇಶದೊಳಗೆ ಹೋಗಬೇಕಾಗಬಹುದು, ಅದಕ್ಕೆ ವೀಸಾ ಪ್ರಶ್ನೆ ಬರುತ್ತದೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುಯಾಂಗ್ ಅಂತ ಎರಡು ಏರ್‌ಪೋರ್ಟ್ ಇವೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟ್ ಅಗ್ಗವಾಗಿ ಕಂಡರೂ ಅದರ ಗೋಜಿಗೆ ಹೋಗಬೇಡಿ.

ಹಂತ 8: ಮನೆಯಿಂದ ಮನೆಗೆ

ಈಗ ನಿಜವಾದ ಲೆಕ್ಕ. ನಮ್ಮ ಮನೆ ಮೈಸೂರಿನಲ್ಲಿ. ತಂಗಿ ಇರುವುದು ನಿಶಿ ಕಸಾಯ್‌ನಲ್ಲಿ, ಭಾರತದವರು ತುಂಬಾ ಜನ ಇರುವ ಜಾಗ. ಎಲ್ಲವನ್ನೂ ನಮ್ಮ ಸಮಯದಲ್ಲೇ ಬರೆಯುತ್ತೇನೆ.

ರಾತ್ರಿ 8:30ರ ವಿಮಾನ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು, ಅಂದರೆ 5:30. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಹೋಗಿವೆ, ಹಳೆಯ ನೆನಪಿನಲ್ಲಿ ಟರ್ಮಿನಲ್ 1ಕ್ಕೆ ಹೋಗಬೇಡಿ. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಹೋಗುತ್ತದೆ. ನಾಲ್ಕೂವರೆ, ಐದು ಗಂಟೆ ಹಿಡಿಯುತ್ತದೆ. ಬೆಂಗಳೂರು ಟ್ರಾಫಿಕ್ ಗೊತ್ತೇ ಇದೆ. ಇನ್ನರ್ಧ ಗಂಟೆ ಇಟ್ಟುಕೊಂಡು, ಬಸ್ ಸ್ಟ್ಯಾಂಡಿಗೆ ಹೋಗುವ ಹೊತ್ತೂ ಸೇರಿಸಿದರೆ ಮನೆ ಬಿಡಬೇಕಾದದ್ದು ಬೆಳಿಗ್ಗೆ 11:30.

ವಿಮಾನ ನರಿಟಾದಲ್ಲಿ ಇಳಿದಾಗ ನಮ್ಮ ಸಮಯ 4:30. ಇಮಿಗ್ರೇಶನ್, ಲಗೇಜ್, ಕಸ್ಟಮ್ಸ್ ಸೇರಿ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಹೊರಡುವ ಮುಂಚೆಯೇ ವಿಸಿಟ್ ಜಪಾನ್ ವೆಬ್‌ನಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ತೆಗೆದಿಟ್ಟುಕೊಂಡರೆ ಅಲ್ಲಿ ಫಾರ್ಮ್ ಬರೆಯುವ ಕೆಲಸ ತಪ್ಪುತ್ತದೆ. ಆಮೇಲೆ ಟ್ರೈನ್. ಟೋಕಿಯೋ ಸ್ಟೇಷನ್ ಕಡೆಗೆ ಹೋಗುವವರಿಗೆ ನರಿಟಾ ಎಕ್ಸ್‌ಪ್ರೆಸ್ ಒಂದು ಗಂಟೆಯ ಆಸುಪಾಸು. ನಿಪ್ಪೊರಿ, ಉಯೆನೊ ಕಡೆಗೆ ಸ್ಕೈಲೈನರ್ ಅದಕ್ಕಿಂತ ಬೇಗ. ನಿಶಿ ಕಸಾಯ್‌ಗೆ ತೋಝಾಯ್ ಲೈನ್ ಹಿಡಿಯಬೇಕು, ಬದಲಾಯಿಸಿಕೊಂಡು ಹೋಗಲು, ಲಗೇಜ್ ಎಳೆದುಕೊಂಡು ಮನೆ ಮುಟ್ಟಲು ಒಂದೂಮುಕ್ಕಾಲು ಗಂಟೆ. ಅಂದರೆ ತಂಗಿಯ ಮನೆ ಬಾಗಿಲು ತಟ್ಟುವಾಗ ನಮ್ಮ ಸಮಯ ಬೆಳಿಗ್ಗೆ 7:30. ಅಲ್ಲಿ ಗಡಿಯಾರದಲ್ಲಿ 11.

11:30ರಿಂದ ಮಾರನೇ ದಿನ 7:30. ಒಟ್ಟು 20 ಗಂಟೆ. "ಎಂಟು ಗಂಟೆಯ ಪ್ರಯಾಣ" ಅಂದದ್ದು ಹೀಗೆ ಇಪ್ಪತ್ತಾಯಿತು. ಊಟ, ಮಾತ್ರೆ, ನಿದ್ದೆ, ಕಾಲಿನ ಊತ, ಎಲ್ಲವನ್ನೂ ಈ ಇಪ್ಪತ್ತಕ್ಕೆ ಯೋಚಿಸಬೇಕು, ಎಂಟಕ್ಕಲ್ಲ.

ಮೂರು ಎಚ್ಚರಿಕೆ. ವಿಮಾನ ಕಂಪನಿಗಳು ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ, ವೇಳಾಪಟ್ಟಿ ಬದಲಿಸುತ್ತವೆ. ತಿಂಗಳುಗಟ್ಟಲೆ ಮುಂಚೆ ತೆಗೆದ ಟಿಕೆಟ್ ಇದ್ದರೆ ಆಮೇಲೆ ಒಮ್ಮೆ ಸಮಯ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯಲ್ಲಿ ಬೆಳಗಿನ ಜಾವ ಮಂಜು ಕವಿದು ವಿಮಾನಗಳು ತಡವಾಗುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಪಾನಿನ ಕಡೆ ಟೈಫೂನ್ ಕಾಟ. ಆ ದಿನಗಳಲ್ಲಿ ನರಿಟಾ ಟ್ರೈನ್‌ಗಳೂ ನಿಲ್ಲಬಹುದು, ಹಾಗಾಗಿ ಮುಖ್ಯವಾದ ಕೆಲಸವನ್ನು ಇಳಿದ ದಿನಕ್ಕೇ ಇಟ್ಟುಕೊಳ್ಳಬೇಡಿ.

ಹಂತ 9: ಮೈಯ ಗಡಿಯಾರ, ಮಾತ್ರೆಯ ಗಡಿಯಾರ

ಮೂರೂವರೆ ಗಂಟೆ ಅಷ್ಟೇ ತಾನೇ ಅನ್ನಬೇಡಿ. ಟೋಕಿಯೋದಲ್ಲಿ ರಾತ್ರಿ 10ಕ್ಕೆ ಮಲಗಿ ಅಂದರೆ ನಮ್ಮ ಮೈಗೆ ಸಂಜೆ 6:30. ನಿದ್ದೆ ಎಲ್ಲಿಂದ ಬರಬೇಕು? ಪೂರ್ವಕ್ಕೆ ಹೋದಾಗ ಒಗ್ಗಿಕೊಳ್ಳುವುದು ಪಶ್ಚಿಮಕ್ಕೆ ಬಂದಾಗಿಗಿಂತ ಕಷ್ಟ. ಹೊರಡುವ ನಾಲ್ಕು ದಿನ ಮುಂಚಿನಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ, ಬೇಗ ಏಳಿ. ಅಲ್ಲಿ ಇಳಿದ ದಿನ ಬೆಳಗಿನ ಬಿಸಿಲಿನಲ್ಲಿ ನಡೆದಾಡಿ.

ಬಿಸಿಲು ಅಂದಾಗ ನೆನಪಾಯಿತು. ರೇಖಾಂಶದ ವ್ಯತ್ಯಾಸ 62.68 ಡಿಗ್ರಿ ಅಂತ ಮೇಲೆ ಕಂಡೆವಲ್ಲ, ಅದನ್ನು 15ರಿಂದ ಭಾಗಿಸಿ. 4 ಗಂಟೆ 11 ನಿಮಿಷ. ಗಡಿಯಾರದ ವ್ಯತ್ಯಾಸ ಮೂರೂವರೆ, ಸೂರ್ಯನ ವ್ಯತ್ಯಾಸ ನಾಲ್ಕು ದಾಟಿದೆ. ಜೊತೆಗೆ ಟೋಕಿಯೋ ತುಂಬಾ ಉತ್ತರಕ್ಕಿದೆ. ಹಾಗಾಗಿ ಜೂನ್‌ನಲ್ಲಿ ಅಲ್ಲಿ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಹುಟ್ಟಿಬಿಡುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ. ಅಮ್ಮ ಹೋದದ್ದು ಜೂನ್‌ನಲ್ಲಿ. ಮೊದಲ ದಿನ ಕಿಟಕಿಯ ಬೆಳಕು ನೋಡಿ ಏಳು ಗಂಟೆಯಾಯಿತು ಅಂತ ಎದ್ದು, ಸ್ನಾನ ಮಾಡಿ, ಹಾಲು ಕಾಯಿಸಲು ಇಟ್ಟಿದ್ದರಂತೆ. ಗಡಿಯಾರ ನೋಡಿದರೆ 4:40. ಮಗುವಿನ ಮನೆಯಲ್ಲಿ ದಪ್ಪ ಪರದೆ ಹಾಕಿಸಿ.

ದಿನಾ ಬೆಳಿಗ್ಗೆ 8ಕ್ಕೆ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಲ್ಲಿ ಅದೇ ಹೊತ್ತು 11:30. ಮಾತ್ರೆಯನ್ನು 11:30ಕ್ಕೇ ತೆಗೆದುಕೊಳ್ಳಬೇಕೇ, ನಿಧಾನವಾಗಿ ಹಿಂದಕ್ಕೆ ತರಬೇಕೇ ಅನ್ನುವುದನ್ನು ಹೊರಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳದೆ ಹೊರಡಲೇಬಾರದು. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸ್‌ನಲ್ಲಿ ಅಲ್ಲ.

ನಾವು ಅಮ್ಮನಿಗೆ ಒಂದು ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನ ಮೇಲೆ ಎರಡು ಸಾಲು ಬರೆದುಕೊಟ್ಟೆವು. ಎಡಗಡೆ "ಮೈಸೂರು", ಬಲಗಡೆ "ಟೋಕಿಯೋ". ಮನೆ ಬಿಡುವುದು, ಬಸ್, ವಿಮಾನ ಹತ್ತುವುದು, ಊಟ, ಮಾತ್ರೆ, ಇಳಿಯುವುದು, ಮನೆ ಮುಟ್ಟುವುದು, ಎಲ್ಲಕ್ಕೂ ಎರಡೂ ಕಡೆ ಸಮಯ. ಅದನ್ನು ಪಾಸ್‌ಪೋರ್ಟ್ ಕವರ್ ಒಳಗೆ ಇಟ್ಟುಕೊಂಡು ಹೋದರು. ಈಗ ಅದು ನಿಶಿ ಕಸಾಯ್‌ನಲ್ಲಿ ತಂಗಿಯ ಮನೆಯ ಫ್ರಿಜ್ ಮೇಲಿದೆ. ಅಪ್ಪನಿಗೆ ಯಾವಾಗ ಫೋನ್ ಮಾಡಬಹುದು ಅಂತ ಅದನ್ನು ನೋಡಿಯೇ ಅವಳು ಲೆಕ್ಕ ಹಾಕುತ್ತಾಳೆ.